ಮೂಕಚಿತ್ರವೊಂದರ ಸಾಕ್ಷ್ಯ

ಹಳಗನ್ನಡದ ಜೊತೆಗೆ ಶಾಸನಪಾಠವನ್ನೂ ಹೇಳಬೇಕಾದ ಅಧ್ಯಾಪಕನಿಗೆ ಒಂದು ಅನುಭವ ವರ್ಷವರ್ಷವೂ ತಪ್ಪದೆ ಆಗುತ್ತದೆ. ಶಾಸನದ ಮೊದಲ ಭಾಗ ರಾಜಪ್ರಶಸ್ತಿ. ಅರಸನ ಶೌರ್ಯ, ಔದಾರ್ಯ, ಬಿರುದುಗಳ ಸಾಲು. ವಿದ್ಯಾರ್ಥಿಗಳು ಅದನ್ನು ಉತ್ಸಾಹದಿಂದ ಬರೆದುಕೊಳ್ಳುತ್ತಾರೆ. ಕೊನೆಗೆ ದತ್ತಿ ಬಿಟ್ಟ ಭೂಮಿಯ ಎಲ್ಲೆಗಳು ಬರುತ್ತವೆ: ಮೂಡಲಿಗೆ ಹುಣಸೆಯ ಮರ, ತೆಂಕಲಿಗೆ ಕೆರೆಯ ಕೋಡಿ, ಪಡುವಲಿಗೆ ಹುತ್ತ, ಬಡಗಲಿಗೆ ಅಗಸರ ಹೊಲ. ಆಗ ಅವರು ಲೇಖನಿಯನ್ನು ಕೆಳಗಿಡುತ್ತಾರೆ. ಅಲ್ಲಿಯೇ ಲೇಖನಿ ಎತ್ತಿಕೊಳ್ಳಿ ಎಂದು ನಾನು ಹೇಳುವುದುಂಟು. ಪ್ರಶಸ್ತಿಯ ಮಾತನ್ನು ಒಬ್ಬ ಕವಿ ಇನ್ನೊಬ್ಬನಿಂದ ಎರವಲು ತಂದಿರಬಹುದು. ಹುಣಸೆಯ ಮರವನ್ನು ಯಾರಿಂದಲೂ ಎರವಲು ತರಲಾಗದು. ಊರಿನವರೆಲ್ಲ ಬಲ್ಲ ಮರ ಅದು. ಅದರ ವಿಷಯದಲ್ಲಿ ಸುಳ್ಳು ಬರೆದರೆ ಮರುದಿನವೇ ಜಗಳ.

ಈಚೆಗೆ ಒಂದು ರಾತ್ರಿ ಈ ಹುಣಸೆಯ ಮರ ನನಗೆ ತೀರ ಅನಿರೀಕ್ಷಿತವಾಗಿ ನೆನಪಾಯಿತು. ಆಗ ನಾನು ಓದುತ್ತಿದ್ದುದು ಶಾಸನವನ್ನಲ್ಲ. ಮನೆಯ ಕಂಪ್ಯೂಟರಿನ ಮುಂದೆ ಕುಳಿತು ಅಮೆರಿಕದಲ್ಲಿ 1920ರಲ್ಲಿ ತಯಾರಾದ ಒಂದು ಮೂಕಚಿತ್ರವನ್ನು ನೋಡುತ್ತಿದ್ದೆ. ಹೆಸರು ‘ದಿ ಡಾಟರ್ ಆಫ್ ಡಾನ್’, ಎಂದರೆ ‘ಅರುಣೋದಯದ ಮಗಳು’. ಸುಮಾರು 80 ನಿಮಿಷಗಳ ಚಿತ್ರ. ಪಕ್ಕದಲ್ಲಿ ಕುಳಿತಿದ್ದ ಮಗ ಕಾಲು ಗಂಟೆ ಸುಮ್ಮನೆ ನೋಡಿದ. ಆಮೇಲೆ, “ಅಪ್ಪಾ, ಇದರಲ್ಲಿ ಕೌಬಾಯ್ ಯಾವಾಗ ಬರ್ತಾನೆ?” ಎಂದು ಕೇಳಿದ. ಬರುವುದಿಲ್ಲ ಎಂದೆ. ಅವನು ಎದ್ದು ಹೋದ. ಹುಡುಗನದು ತಪ್ಪಲ್ಲ. ವೆಸ್ಟರ್ನ್ ಎಂದು ಹೇಳಿ ಕರೆದು ಕೂರಿಸಿದ ಚಿತ್ರದಲ್ಲಿ ಮೊದಲಿನಿಂದ ಕೊನೆಯವರೆಗೆ ಒಬ್ಬ ಬಿಳಿಯನೂ ಇಲ್ಲವೆಂದರೆ ಯಾರಿಗಾದರೂ ಮೋಸವೆನಿಸೀತು.

ವೆಸ್ಟರ್ನ್ ಎಂಬ ಜಾತಿಯ ಚಿತ್ರಗಳು ನಮ್ಮ ನಗರದ ಪ್ರೇಕ್ಷಕರಿಗೆ ಅಪರಿಚಿತವೇನೂ ಅಲ್ಲ. ಬೆಂಗಳೂರಿನ ದಂಡಿನ ಕಡೆಯ ಚಿತ್ರಮಂದಿರಗಳಲ್ಲಿ ಒಂದೆರಡು ತಲೆಮಾರು ಅವನ್ನು ನೋಡಿಯೇ ಬೆಳೆಯಿತು. ಅಗಲವಾದ ಟೋಪಿ, ಸೊಂಟದಲ್ಲಿ ಪಿಸ್ತೂಲು, ಧೂಳೆಬ್ಬಿಸುವ ಕುದುರೆ, ಗುಡ್ಡದ ನೆತ್ತಿಯ ಮೇಲೆ ಹಠಾತ್ತನೆ ಸಾಲುಗಟ್ಟಿ ನಿಲ್ಲುವ ಗರಿ ಮುಡಿದ ಮಂದಿ. ಈ ಮಂದಿಗೆ ಹೆಸರಿಲ್ಲ, ಮಾತಿಲ್ಲ. ಗುಂಡು ತಗಲಿದಾಗ ಕುದುರೆಯಿಂದ ಚೆನ್ನಾಗಿ ಬೀಳುವುದೇ ಅವರ ಪಾತ್ರ. ಈ ಪಡಿಯಚ್ಚು ಸಿದ್ಧವಾದದ್ದು ಮೂಕಚಿತ್ರಗಳ ಕಾಲದಲ್ಲಿಯೇ. 1903ರಲ್ಲಿ ಬಂದ ಎಡ್ವಿನ್ ಪೋರ್ಟರನ ‘ದಿ ಗ್ರೇಟ್ ಟ್ರೇನ್ ರಾಬರಿ’ಯನ್ನು ಈ ಜಾತಿಯ ಹಿರಿಯನೆಂದು ಚರಿತ್ರಕಾರರು ಎಣಿಸುತ್ತಾರೆ. ಹತ್ತು ಹನ್ನೆರಡು ನಿಮಿಷಗಳ ಆ ಚಿತ್ರದ ಬಹುಭಾಗವನ್ನು ತೆಗೆದದ್ದು ಪಶ್ಚಿಮದ ಬಯಲಿನಲ್ಲಲ್ಲ, ಪೂರ್ವ ಕರಾವಳಿಯ ನ್ಯೂಜೆರ್ಸಿಯಲ್ಲಿ. ಪಶ್ಚಿಮದ ಕಥೆಗೆ ಪಶ್ಚಿಮವೇ ಬೇಕಿಲ್ಲ ಎಂಬ ಪದ್ಧತಿ ಅಂದಿನಿಂದಲೇ ಬಂತು. ಮುಂದೆ ಬ್ರಾಂಕೊ ಬಿಲ್ಲಿ ಆಂಡರ್ಸನ್, ವಿಲಿಯಂ ಹಾರ್ಟ್ ಮೊದಲಾದ ನಟರು ಅಚ್ಚನ್ನು ಗಟ್ಟಿಗೊಳಿಸಿದರು.

‘ಅರುಣೋದಯದ ಮಗಳು’ ಈ ರಾಜಮಾರ್ಗದಿಂದ ದೂರ ಹುಟ್ಟಿದ ಕೂಸು. ಟೆಕ್ಸಾಸಿನ ಒಂದು ಸಣ್ಣ ಕಂಪನಿಗಾಗಿ ರಿಚರ್ಡ್ ಬ್ಯಾಂಕ್ಸ್ ಎಂಬಾತ ಇದನ್ನು ನಿರ್ಮಿಸಿದ. ನಿರ್ದೇಶನ ನಾರ್ಬರ್ಟ್ ಮೈಲ್ಸ್ ಎಂಬ ನಟನದು. ಈತ ಮುಂದೆ ಹಾಲಿವುಡ್ಡಿನಲ್ಲಿ ಮೇಕಪ್ ಕಲಾವಿದನಾಗಿ ದುಡಿದ. ಸ್ಟುಡಿಯೊ ಇಲ್ಲ, ಕಟ್ಟಿಸಿದ ಸೆಟ್ಟುಗಳಿಲ್ಲ. ಒಕ್ಲಹೋಮದ ವಿಚಿಟ ಬೆಟ್ಟಗಳ ಬಿಸಿಲಿನಲ್ಲಿ 1920ರ ಬೇಸಗೆಯಲ್ಲಿ ಚಿತ್ರ ತೆಗೆದರು. ಅಭಿನಯಿಸಿದವರು ಕಯೊವ ಮತ್ತು ಕೊಮಾಂಚಿ ಎಂಬ ಎರಡು ಮೂಲನಿವಾಸಿ ಜನಾಂಗಗಳ ಸುಮಾರು 300 ಮಂದಿ. ಉಡುಪು, ಒಡವೆ, ಡೇರೆ, ಕುದುರೆ ಎಲ್ಲವನ್ನೂ ಅವರೇ ತಮ್ಮ ತಮ್ಮ ಮನೆಗಳಿಂದ ತಂದರು. ನಿರ್ಮಾಪಕನಿಗೆ ಇದರಿಂದ ಖರ್ಚು ಉಳಿಯಿತು. ನಮಗೆ ಉಳಿದದ್ದು ಬೇರೊಂದು. ಅದನ್ನು ಮುಂದೆ ನೋಡೋಣ.

ಕಥೆಯಲ್ಲಿ ಹೊಸತೇನೂ ಇಲ್ಲ. ಕಯೊವ ನಾಯಕನ ಮಗಳು ಡಾನ್. ಅವಳನ್ನು ವೈಟ್ ಈಗಲ್ ಎಂಬ ತರುಣ ಪ್ರೀತಿಸುತ್ತಾನೆ. ಕುದುರೆಗಳ ಸಿರಿಯುಳ್ಳ ಬ್ಲ್ಯಾಕ್ ವುಲ್ಫ್ ಎಂಬವನೂ ಬಯಸುತ್ತಾನೆ. ಆ ಬ್ಲ್ಯಾಕ್ ವುಲ್ಫನನ್ನು ರೆಡ್ ವಿಂಗ್ ಎಂಬವಳು ಪ್ರೀತಿಸಿದರೆ ಅವನು ಅವಳ ಕಡೆ ತಿರುಗಿಯೂ ನೋಡುವುದಿಲ್ಲ. ತಂದೆ ಇಬ್ಬರಿಗೂ ಒಂದು ಪರೀಕ್ಷೆ ಒಡ್ಡುತ್ತಾನೆ: ಬಂಡೆಯ ಮೇಲಿನಿಂದ ಧುಮುಕಬೇಕು. ಒಬ್ಬ ಧುಮುಕುತ್ತಾನೆ, ಇನ್ನೊಬ್ಬ ಹಿಂಜರಿಯುತ್ತಾನೆ. ಹೇಡಿ ಗಡೀಪಾರಾಗಿ ಶತ್ರುಗಳಾದ ಕೊಮಾಂಚಿಗಳನ್ನು ಸೇರಿ ದ್ರೋಹ ಬಗೆಯುತ್ತಾನೆ. ದಾಳಿ, ಅಪಹರಣ, ಬಿಡುಗಡೆ, ಮಂಗಳ. ನಮ್ಮ ಕಂಪನಿ ನಾಟಕಗಳನ್ನು ಕಂಡವರಿಗೆ ಮೂರನೆಯ ಅಂಕ ಮುಗಿಯುವ ಮೊದಲೇ ಐದನೆಯದು ಗೊತ್ತಾಗಿಬಿಡುತ್ತದೆ.

ಅಭಿನಯದ ವಿಷಯದಲ್ಲಿಯೂ ದಾಕ್ಷಿಣ್ಯ ಬೇಕಿಲ್ಲ. ಪಾತ್ರಧಾರಿಗಳು ನಟರಲ್ಲ. ಎಲ್ಲಿ ನಿಲ್ಲಬೇಕು, ಯಾವಾಗ ಕೈಯೆತ್ತಬೇಕು ಎಂದು ಕ್ಯಾಮೆರಾದ ಪಕ್ಕದಿಂದ ಯಾರೋ ಕೂಗಿ ಹೇಳುತ್ತಿರುವಂತೆ ನಮಗೇ ಭಾಸವಾಗುತ್ತದೆ. ಕಲೆಯ ತಕ್ಕಡಿಯಲ್ಲಿ ತೂಗಿದರೆ ಚಿತ್ರ ಹಗುರವೇ. ಒಂದು ಗಂಟೆಯ ಹೊತ್ತಿಗೆ ನಾನೂ ಮಗನ ದಾರಿ ಹಿಡಿಯಬಹುದಿತ್ತು. ನನ್ನನ್ನು ಕೂರಿಸಿದ್ದು ಕಥೆಯ ಹಿಂದೆ ಇದ್ದ ಜನ: ಬಿಡಾರದ ಹೆಂಗಸರು, ಮಕ್ಕಳು, ಮುದುಕರು; ಕುದುರೆಯ ಮೇಲೆ ಅವರು ಕೂರುವ ರೀತಿ; ಚರ್ಮದ ಉಡುಪಿನ ಮೇಲಿನ ಮಣಿಗೆಲಸ; ಬೈಸನ್ ಎಂಬ ಕಾಡೆಮ್ಮೆಯ ಬೇಟೆ; ನೃತ್ಯ. ಪ್ರಶಸ್ತಿಭಾಗ ಮುಗಿದು ಎಲ್ಲೆಗಳ ಸಾಲು ಇಲ್ಲಿ ಆರಂಭವಾಯಿತೆಂದು ನನಗನ್ನಿಸಿತು.

ಪಾತ್ರಧಾರಿಗಳು ಯಾರೆಂದು ವಿಚಾರಿಸಿದರೆ ಈ ಸಾಲು ಇನ್ನೂ ಉದ್ದವಾಗುತ್ತದೆ. ವೈಟ್ ಈಗಲನ ಪಾತ್ರ ವಹಿಸಿದವನು ವೈಟ್ ಪಾರ್ಕರ್. ರೆಡ್ ವಿಂಗಳ ಪಾತ್ರ ವನಾಡ ಪಾರ್ಕರಳದು. ಇಬ್ಬರೂ ಕೊಮಾಂಚಿಗಳ ಪ್ರಸಿದ್ಧ ನಾಯಕ ಕ್ವಾನ ಪಾರ್ಕರನ ಮಕ್ಕಳು. ಕ್ವಾನನ ತಾಯಿ ಸಿಂಥಿಯಾ ಆನ್ ಪಾರ್ಕರ್ ಹುಟ್ಟಿನಿಂದ ಬಿಳಿಯಳು. 1836ರಲ್ಲಿ, ಇನ್ನೂ ಬಾಲೆಯಾಗಿದ್ದಾಗ, ಕೊಮಾಂಚಿಗಳು ಅವಳನ್ನು ಸೆರೆಯೊಯ್ದರು. ಅವಳು ಅವರಲ್ಲಿಯೇ ಬೆಳೆದು, ಮದುವೆಯಾಗಿ, ತಾಯಿಯಾದಳು. 1860ರಲ್ಲಿ ಬಿಳಿಯರು ಅವಳನ್ನು ಮರಳಿ ಹಿಡಿದು ತಂದರು. 1867ರ ಮೆಡಿಸಿನ್ ಲಾಜ್ ಒಪ್ಪಂದಕ್ಕೆ ಕ್ವಾನನ ಪಂಗಡ ಸೇರಲಿಲ್ಲ, ಬಯಲಿನಲ್ಲಿಯೇ ಉಳಿಯಿತು. 1874ರಲ್ಲಿ ಪ್ಯಾಲೊ ಡ್ಯೂರೊ ಕಣಿವೆಯಲ್ಲಿ ಸೇನೆಯವರು ಮೂಲನಿವಾಸಿಗಳ ಸುಮಾರು 1,400 ಕುದುರೆಗಳನ್ನು ಹಿಡಿದು, ಅವುಗಳಲ್ಲಿ ಸಾವಿರಕ್ಕೂ ಮೇಲ್ಪಟ್ಟನ್ನು ಗುಂಡಿಕ್ಕಿ ಕೊಂದರು. ಕುದುರೆಯಿಲ್ಲದ ಕೊಮಾಂಚಿ ದೋಣಿಯಿಲ್ಲದ ಅಂಬಿಗನಂತೆ. 1875ರ ಜೂನಿನಲ್ಲಿ ಕ್ವಾನ ಶರಣಾದ.

ಶರಣಾದವನು ಹೊಸ ಕಾಲದ ರೀತಿಗಳನ್ನೂ ಬೇಗ ಕಲಿತ. 1908ರಲ್ಲಿ ಅವನ ಮನೆಯ ಸಮೀಪದ ಕ್ಯಾಶ್ ಎಂಬ ಊರಿನಲ್ಲಿ ‘ದಿ ಬ್ಯಾಂಕ್ ರಾಬರಿ’ ಎಂಬ ಒಂದು ಪುಟ್ಟ ಮೂಕಚಿತ್ರ ತಯಾರಾಯಿತು. ಅದನ್ನು ನಿರ್ದೇಶಿಸಿದ ಬಿಲ್ ಟಿಲ್ಗ್‌ಮನ್ ನಿಜವಾಗಿಯೂ ದರೋಡೆಕೋರರನ್ನು ಹಿಡಿದ ಪೊಲೀಸು ಅಧಿಕಾರಿ. ದರೋಡೆಕೋರನ ಪಾತ್ರ ವಹಿಸಿದ ಅಲ್ ಜೆನಿಂಗ್ಸ್ ನಿಜವಾಗಿಯೂ ರೈಲು ದೋಚಿ ಜೈಲು ಕಂಡು ಬಂದವನು. ಚಿತ್ರ ತೆಗೆಯುತ್ತಿದ್ದಾಗ ಬ್ಯಾಂಕಿನಲ್ಲಿದ್ದ ಒಬ್ಬ ಗಿರಾಕಿ ನಿಜವಾದ ದರೋಡೆಯೆಂದೇ ಹೆದರಿ ಕಿಟಕಿಯಿಂದ ಹಾರಿದನೆಂದು ಹೇಳುತ್ತಾರೆ. ಆ ಚಿತ್ರದಲ್ಲಿ ಕ್ವಾನ ಪಾರ್ಕರನೂ ಕಾಣಿಸಿಕೊಂಡಿದ್ದಾನೆ. 1911ರಲ್ಲಿ ಅವನು ತೀರಿಕೊಂಡ. ಒಂಬತ್ತು ವರ್ಷಗಳ ನಂತರ ಮಕ್ಕಳು ಕ್ಯಾಮೆರಾದ ಮುಂದೆ ನಿಂತರು.

ಅವರು ನಿಂತ ನೆಲದ ಕಥೆಯನ್ನೂ ಕೇಳಬೇಕು. 1867ರ ಒಪ್ಪಂದದಲ್ಲಿ ಕಯೊವ, ಕೊಮಾಂಚಿ ಮತ್ತು ಅಪಾಚಿಗಳಿಗೆ ಸುಮಾರು 30 ಲಕ್ಷ ಎಕರೆ ಮೀಸಲು ಭೂಮಿ ಎಂದು ಬರೆದುಕೊಟ್ಟಿದ್ದರು. 1901ರಲ್ಲಿ ತಲೆಗೆ 160 ಎಕರೆಯಂತೆ ಹಂಚಿ, ಉಳಿದುದರಲ್ಲಿ ಬಹುಪಾಲನ್ನು ಚೀಟಿಯೆತ್ತಿ ಹೊರಗಿನ ರೈತರಿಗೆ ಕೊಟ್ಟರು. ಇದು ಒಪ್ಪಂದದ ಭಂಗವಲ್ಲವೇ ಎಂದು ಕಯೊವ ನಾಯಕ ಲೋನ್ ವುಲ್ಫ್ ಹೂಡಿದ ದಾವೆಯಲ್ಲಿ, ಒಪ್ಪಂದವನ್ನು ಮೀರುವ ಅಧಿಕಾರ ಶಾಸನಸಭೆಗೆ ಉಂಟೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1903ರಲ್ಲಿ ತೀರ್ಪಿತ್ತಿತು. ವಿಚಿಟ ಬೆಟ್ಟಗಳು ಸರ್ಕಾರದ ಅರಣ್ಯವಾಗಿ, 1905ರಲ್ಲಿ ಮೃಗರಕ್ಷಣೆಯ ವನವಾದವು. ಆದ್ದರಿಂದ 1920ರಲ್ಲಿ ಈ ಜನ ತಮ್ಮ ಪೂರ್ವಿಕರ ಕಥೆಯನ್ನು ಆಡಿ ತೋರಿಸಿದ್ದು ಒಂದು ಕಾಲಕ್ಕೆ ತಮ್ಮದೇ ಆಗಿದ್ದ ನೆಲದ ಮೇಲೆ.

ಆ ಬೆಟ್ಟಗಳಲ್ಲಿ ಆಗ ಮೇಯುತ್ತಿದ್ದ ಬೈಸನ್ ಹಿಂಡೂ ಅಲ್ಲಿಯೇ ಬಾಳಿ ಬಂದದ್ದಲ್ಲ. ದಕ್ಷಿಣದ ಬಯಲಿನ ಲಕ್ಷಾಂತರ ಬೈಸನ್‌ಗಳನ್ನು ಚರ್ಮದ ವ್ಯಾಪಾರಕ್ಕಾಗಿ 1870ರ ದಶಕದಲ್ಲಿ ಕೊಂದು ಮುಗಿಸಿದ್ದರು. 1907ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಮೃಗಾಲಯದಿಂದ 15 ಬೈಸನ್‌ಗಳನ್ನು ರೈಲಿನಲ್ಲಿ ಕಳುಹಿಸಿದರು. ಅವು ಇಳಿದದ್ದು ಅದೇ ಕ್ಯಾಶ್ ನಿಲ್ದಾಣದಲ್ಲಿ. ಬರಮಾಡಿಕೊಳ್ಳಲು ಬಂದವರಲ್ಲಿ ಕ್ವಾನ ಪಾರ್ಕರನೂ ಇದ್ದ. ಮಹಾನಗರದ ಬೋನಿನಲ್ಲಿ ಉಳಿದ ಪ್ರಾಣಿ ತನ್ನ ತವರಿಗೆ ರೈಲು ಹತ್ತಿ ಬರಬೇಕಾಯಿತೆಂದರೆ, ನಡುವಿನ ಮೂವತ್ತು ವರ್ಷಗಳಲ್ಲಿ ಏನಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ಕಯೊವರಿಗೆ ಬರೆದಿಟ್ಟ ಚರಿತ್ರೆ ಇರಲಿಲ್ಲ. ಚಿತ್ರಿಸಿಟ್ಟ ಚರಿತ್ರೆ ಇತ್ತು. ಪ್ರತಿ ಚಳಿಗಾಲಕ್ಕೊಂದು, ಪ್ರತಿ ಬೇಸಗೆಗೊಂದು ಚಿತ್ರ ಬರೆದು ವರ್ಷಗಳ ಲೆಕ್ಕವಿಡುತ್ತಿದ್ದರು. ಜೇಮ್ಸ್ ಮೂನಿ ಎಂಬ ವಿದ್ವಾಂಸ ಈ ಪಂಚಾಂಗಗಳನ್ನು ಸಂಗ್ರಹಿಸಿ 1898ರಲ್ಲಿ ಪ್ರಕಟಿಸಿದ. 1879ರ ಬೇಸಗೆಗೆ ಅದರಲ್ಲಿರುವ ಹೆಸರು ‘ಕುದುರೆ ತಿಂದ ಸೂರ್ಯನೃತ್ಯ’. ಬೈಸನ್ ಸಿಗದೆ ಹಸಿವಿಗೆ ಕುದುರೆಗಳನ್ನೇ ಕೊಂದು ತಿಂದ ವರ್ಷ ಅದು. ಬೈಸನ್ ಇಲ್ಲದೆ ಅವರ ಸೂರ್ಯನೃತ್ಯವೆಂಬ ಮಹೋತ್ಸವ ನಡೆಯುವಂತಿರಲಿಲ್ಲ. 1890ರಲ್ಲಿ ಮತ್ತೆ ನಡೆಸಹೊರಟಾಗ ಫೋರ್ಟ್ ಸಿಲ್ ಕೋಟೆಯಿಂದ ಸೈನ್ಯ ಬರುತ್ತಿದೆಯೆಂಬ ಸುದ್ದಿ ತಿಳಿದು, ನೆಟ್ಟ ಕಂಬಗಳನ್ನು ಹಾಗೆಯೇ ಬಿಟ್ಟು ಚದುರಿದರು. ಆ ವರ್ಷದ ಹೆಸರೂ ಅದೇ: ‘ಕಂಬಗಳನ್ನು ನಿಂತಂತೆಯೇ ಬಿಟ್ಟ ಸೂರ್ಯನೃತ್ಯ’.

ಇಂಥ ನೃತ್ಯಗಳನ್ನು ಅಪರಾಧವೆಂದು ಎಣಿಸುವ ಸರ್ಕಾರಿ ನಿಯಮಗಳು 1883ರಲ್ಲಿ ಬಂದವು. ಪರಂಪರೆಯ ಆಚರಣೆಗಳಿಗೆ ಅಡ್ಡಿಬರಕೂಡದೆಂಬ ಆಜ್ಞೆ ಹೊರಟದ್ದು 1934ರಲ್ಲಿ. ಚಿತ್ರ ತಯಾರಾದದ್ದು ಇವೆರಡರ ನಡುವೆ. ಅಂದಮೇಲೆ ತೆರೆಯ ಮೇಲೆ ಕಾಣುವ ನೃತ್ಯಕ್ಕೆ, ಅದು ಎಷ್ಟೇ ಚಿಕ್ಕದಿರಲಿ, ಕಥೆಯಲ್ಲಿ ಇಲ್ಲದ ಒಂದು ಅರ್ಥ ಬರುತ್ತದೆ. ನಿನ್ನ ದೇವರಿಗಾಗಿ ಕುಣಿಯಕೂಡದು ಎಂದ ಅದೇ ನಾಡು, ಕ್ಯಾಮೆರಾಕ್ಕಾಗಿ ಕುಣಿ ಎಂದಿತು. ಅವರು ಕುಣಿದರು. ಕ್ಯಾಮೆರಾಕ್ಕಾಗಿ ಎಷ್ಟು, ತಮಗಾಗಿ ಎಷ್ಟು ಎಂಬುದನ್ನು ಮುಖಗಳಿಂದ ಓದಲು ಹೋದರೆ ನಾವೇ ಕವಿಗಳಾಗಬೇಕಾದೀತು. ಹೆಜ್ಜೆ ಮಾತ್ರ ಕಲಿತ ಹೆಜ್ಜೆ. ಆ ಬೇಸಗೆಯಲ್ಲಿ ಯಾರೋ ಹೇಳಿಕೊಟ್ಟದ್ದಲ್ಲ.

ಇಲ್ಲಿಗೆ ಬಂದು ನಿಂತರೆ ನನ್ನ ವಾದ ತೀರ ಸುಲಭವಾಗಿಬಿಡುತ್ತದೆ. ಕಥೆ ಸುಳ್ಳು, ಹಿನ್ನೆಲೆ ನಿಜ ಎಂದು ಹೇಳಿ ಮುಗಿಸಬಹುದು. ಕಥೆ ಸುಳ್ಳೆಂಬುದಂತೂ ಸರಿಯೆ. ಕಯೊವರೂ ಕೊಮಾಂಚಿಗಳೂ ಹದಿನೆಂಟನೆಯ ಶತಮಾನದ ಕೊನೆಯಲ್ಲಿಯೇ ಸಂಧಿ ಮಾಡಿಕೊಂಡವರು. ಆಮೇಲೆ ಒಟ್ಟಿಗೆ ಬೇಟೆಯಾಡಿ, ಒಟ್ಟಿಗೆ ಯುದ್ಧ ಮಾಡಿ, ಕೊನೆಗೆ ಒಟ್ಟಿಗೆ ಸೋತವರು. ಚಿತ್ರದಲ್ಲಿ ಅವರನ್ನು ಬದ್ಧವೈರಿಗಳನ್ನಾಗಿ ಮಾಡಿದ್ದಾರೆ. ಕೊಮಾಂಚಿ ನಾಯಕನ ಮಗನೇ ಕಯೊವ ವೀರನಾಗಿ ಕೊಮಾಂಚಿಗಳ ಮೇಲೆ ದಂಡೆತ್ತಿ ಹೋಗುತ್ತಾನೆ! ನಾಯಿಕೆಯ ಪಾತ್ರದ ಎಸ್ತರ್ ಲೆಬಾರಳೂ ಕೊಮಾಂಚಿಯೇ. ಕಥೆಗೆ ಖಳರು ಬೇಕಾಗಿತ್ತು. ಬಿಳಿಯರನ್ನು ಖಳರನ್ನಾಗಿ ಮಾಡಿದ್ದರೆ ಟಿಕೆಟು ಕೊಳ್ಳುವವರು ಯಾರು?

ಹಿನ್ನೆಲೆಯನ್ನು ಸಹ ಹಾಗೆಯೇ ನಿಜವೆನ್ನುವಂತಿಲ್ಲ. 1920ರಲ್ಲಿ ಈ ಜನ ಬಯಲಿನಲ್ಲಿ ಡೇರೆ ಹಾಕಿಕೊಂಡು ಬೈಸನ್ ಬೇಟೆಯಿಂದ ಜೀವಿಸುತ್ತಿರಲಿಲ್ಲ. ಹಂಚಿಕೆಯಾಗಿ ಬಂದ ಹೊಲಗಳ ಮೇಲೆ, ಹಲಗೆಯ ಮನೆಗಳಲ್ಲಿ, ಷರಾಯಿ ಟೋಪಿ ಧರಿಸಿ ಬದುಕುತ್ತಿದ್ದರು. ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ ಉಡುಪನ್ನು ತೆಗೆದು ತೊಟ್ಟುಕೊಂಡು ಬಂದರು. ಆದಕಾರಣ ಚಿತ್ರದಲ್ಲಿರುವುದು 1870ರ ಬದುಕಲ್ಲ. 1870ನ್ನು ನೆನೆಯುತ್ತಿರುವ 1920. ಈ ನೆನಪಿಗೆ ಇನ್ನೂ ಜೀವವಿತ್ತು. ಡಾನಳ ತಂದೆಯ ಪಾತ್ರ ವಹಿಸಿದ ಹಂಟಿಂಗ್ ಹಾರ್ಸ್ ಎಂಬ ಕಯೊವ ವೃದ್ಧ, ಬೈಸನ್‌ಗಳ ಕಾಲವನ್ನು ಕಣ್ಣಾರೆ ಕಂಡ ತಲೆಮಾರಿನವನು. ಬಯಲಿನ ಯುದ್ಧಗಳು ಮುಗಿಯುವ ಕಾಲಕ್ಕೆ ಫೋರ್ಟ್ ಸಿಲ್‌ನಲ್ಲಿ ಅಮೆರಿಕದ ಸೇನೆಗೆ ಬೇಹುಗಾರನಾಗಿಯೂ ದುಡಿದವನು. ನೂರು ವರ್ಷ ದಾಟಿ ಬಾಳಿ 1953ರಲ್ಲಿ ತೀರಿಕೊಂಡ. ಅವನ ಮಗ ಮನ್ರೋ ಟ್ಸಾಟೋಕಿ ಹೆಸರಾಂತ ಚಿತ್ರಕಾರನಾದ. ಸೋತವರ ಕಡೆ ಹುಟ್ಟಿ, ಗೆದ್ದವರ ಕೈಕೆಳಗೆ ದುಡಿದು, ಇಳಿವಯಸ್ಸಿನಲ್ಲಿ ಚಲಚ್ಚಿತ್ರದ ನಾಯಕನಾಗಿ ಡೇರೆಯ ಮುಂದೆ ನಿಂತ ಈ ಮನುಷ್ಯನ ಮುಖದಲ್ಲಿ ಕಥೆಯ ಭಾವಕ್ಕಿಂತ ಬೇರೊಂದು ಗಾಂಭೀರ್ಯ ಕಂಡರೆ ಅದು ನಿರ್ದೇಶಕನ ಕೈಚಳಕವಲ್ಲ.

ಹೋಲಿಕೆಗೆ ಒಂದು ದೊಡ್ಡ ಚಿತ್ರವನ್ನು ನೆನೆಯಬಹುದು. 1956ರಲ್ಲಿ ಜಾನ್ ಫೋರ್ಡ್ ‘ದಿ ಸರ್ಚರ್ಸ್’ ತೆಗೆದ. ಕೊಮಾಂಚಿಗಳು ಒಯ್ದ ಬಿಳಿಯ ಬಾಲೆಯೊಬ್ಬಳನ್ನು ವರ್ಷಗಟ್ಟಲೆ ಹುಡುಕುವ ಕಥೆ. ಅದರ ಮೂಲವಾದ ಅಲನ್ ಲೆಮೇಯ ಕಾದಂಬರಿಯ ಹಿಂದೆ ಸಿಂಥಿಯಾ ಆನ್ ಪಾರ್ಕರಳಂಥವರ ಚರಿತ್ರೆಯಿದೆ. ಲೋಕದ ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ ಅದಕ್ಕೆ ಮೇಲಿನ ಸ್ಥಾನ; ಅರ್ಹವಾದ ಸ್ಥಾನವೂ ಹೌದು. ಅದರಲ್ಲಿ ಕೊಮಾಂಚಿ ನಾಯಕನ ಪಾತ್ರ ವಹಿಸಿದವನು ಜರ್ಮನಿಯಲ್ಲಿ ಹುಟ್ಟಿದ ಹೆನ್ರಿ ಬ್ರ್ಯಾಂಡನ್. ಅವನ ಹಿಂದೆ ನಿಂತ ಮಂದಿ ಬೇರೊಂದು ಸೀಮೆಯ ನವಾಹೊ ಜನ. ಅಜ್ಜಿಯ ಕಥೆಗೆ ದೊಡ್ಡ ತೆರೆ, ದೊಡ್ಡ ಹಣ, ದೊಡ್ಡ ಪ್ರತಿಭೆ ಎಲ್ಲವೂ ದೊರೆತವು. ಮೊಮ್ಮಕ್ಕಳ ಮುಖಗಳು ಮಾತ್ರ ಬಡ ಮೂಕಚಿತ್ರದಲ್ಲಿಯೇ ಉಳಿದವು. ದೊಡ್ಡ ಕಲಾವಿದ ತನಗೆ ಬೇಕಾದುದನ್ನು ಸೃಷ್ಟಿಸಬಲ್ಲ. ಆ ಬಲವಿಲ್ಲದ, ಆ ಹಣವಿಲ್ಲದ ಸಣ್ಣವನು ಎದುರಿಗಿದ್ದುದನ್ನೇ ಹಿಡಿಯಬೇಕಾಗುತ್ತದೆ. ಬಡತನವೂ ಒಮ್ಮೊಮ್ಮೆ ಪ್ರಾಮಾಣಿಕತೆಯ ಕೆಲಸ ಮಾಡುತ್ತದೆ.

ಆ ಮುಖಗಳು ಉಳಿದದ್ದಾದರೂ ಕೂದಲೆಳೆಯ ಅಂತರದಲ್ಲಿ. 1920ರ ಅಕ್ಟೋಬರಿನಲ್ಲಿ ಲಾಸ್ ಏಂಜಲೀಸಿನಲ್ಲಿ ಚಿತ್ರವನ್ನು ತೋರಿಸಿದರು. ಆಮೇಲೆ ಅದು ಹೆಚ್ಚು ಕಡೆ ನಡೆಯಲಿಲ್ಲ, ಕಣ್ಮರೆಯಾಯಿತು. ಆ ಕಾಲದ ನೈಟ್ರೇಟ್ ಫಿಲ್ಮು ಬೆಂಕಿಗೆ ಬಲು ಬೇಗ ಆಹುತಿಯಾಗುವ ವಸ್ತು, ಸುಮ್ಮನಿಟ್ಟರೂ ಕೊಳೆಯುತ್ತದೆ. ವಾಕ್ಚಿತ್ರ ಬಂದಮೇಲೆ ಮೂಕಚಿತ್ರಗಳನ್ನು ಕೇಳುವವರಿಲ್ಲದೆ ಬೆಳ್ಳಿಗಾಗಿ ಕರಗಿಸಿದ್ದೂ ಉಂಟು. 1912ರಿಂದ 1929ರವರೆಗೆ ಅಮೆರಿಕದಲ್ಲಿ ತಯಾರಾದ ಸುಮಾರು 11,000 ಪೂರ್ಣಪ್ರಮಾಣದ ಮೂಕಚಿತ್ರಗಳಲ್ಲಿ ಮೂಲರೂಪದಲ್ಲಿ ಉಳಿದಿರುವುದು ನೂರಕ್ಕೆ 14 ಮಾತ್ರ ಎಂದು ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ 2013ರ ವರದಿ ಹೇಳುತ್ತದೆ. ‘ಅರುಣೋದಯದ ಮಗಳು’ ಸಹ ಎಂಬತ್ತಕ್ಕೂ ಹೆಚ್ಚು ವರ್ಷ ಕಳೆದುಹೋದವರ ಪಟ್ಟಿಯಲ್ಲಿತ್ತು. ನಾರ್ತ್ ಕ್ಯಾರೊಲಿನದ ಖಾಸಗಿ ಪತ್ತೇದಾರನೊಬ್ಬನಿಗೆ ಗಿರಾಕಿಯೊಬ್ಬ ಕೂಲಿಯ ಹಣದ ಬದಲು ಕೆಲವು ಹಳೆಯ ಸುರುಳಿಗಳನ್ನು ಕೊಟ್ಟ. ಅವೇ ಇವು! 2007ರಲ್ಲಿ ಒಕ್ಲಹೋಮದ ಇತಿಹಾಸ ಸಂಸ್ಥೆ ಅವನ್ನು ಕೊಂಡು ಜೀರ್ಣೋದ್ಧಾರ ಮಾಡಿಸಿತು. ಕೊಮಾಂಚಿ ಮೂಲದ ಡೇವಿಡ್ ಯೇಗ್ಲಿ ಹಿನ್ನೆಲೆ ಸಂಗೀತ ರಚಿಸಿದರು. 2013ರಲ್ಲಿ ಅಮೆರಿಕದ ರಾಷ್ಟ್ರೀಯ ಚಿತ್ರಪಟ್ಟಿಗೆ ಇದು ಸೇರಿತು. ಉದ್ಧಾರವಾದ ಚಿತ್ರವನ್ನು ಕಯೊವ ಮತ್ತು ಕೊಮಾಂಚಿ ಮನೆತನಗಳವರು ನೋಡಿದಾಗ ತೆರೆಯ ಮೇಲೆ ತಮ್ಮ ಹಿರಿಯರನ್ನು ಗುರುತಿಸಿದರು. ಅವರು ನಾಯಕ ನಾಯಿಕೆಯರನ್ನು ಬಿಟ್ಟು ಹಿಂದಿನ ಸಾಲನ್ನೇ ನೋಡಿರಬೇಕು.

ಇದನ್ನು ಓದುವ ಕನ್ನಡಿಗರಿಗೆ ಒಂದು ಮಾತು ಚುಚ್ಚದಿರದು. 1934ರಲ್ಲಿ ತೆರೆಕಂಡ ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿ ಒಂದೂ ಉಳಿದಿಲ್ಲ. ಅದು ಒಳ್ಳೆಯ ಚಿತ್ರವೋ ಸಾಧಾರಣವೋ ಎಂಬ ಪ್ರಶ್ನೆ ಈಗ ಅಪ್ರಸ್ತುತ. ಅದರಲ್ಲಿ ನಮ್ಮ ನಾಟಕದ ಮಂದಿ ನಿಂತ ನಿಲುವಿತ್ತು, ಆಡಿದ ಕನ್ನಡವಿತ್ತು, ಉಟ್ಟ ಸೀರೆಯಿತ್ತು. ಸಾಧಾರಣ ಎಂದು ನಾವು ಎಸೆಯುವ ವಸ್ತುವಿನಲ್ಲಿ ಏನೇನು ಸೇರಿತ್ತೆಂಬುದು ಎಸೆದು ಬಹಳ ಕಾಲವಾದ ಮೇಲೆ ತಿಳಿಯುತ್ತದೆ. ಕಾಪಿಡುವವನು ವಿಮರ್ಶಕನಾಗಬಾರದು. ಕಣಜಕ್ಕೆ ಮೊದಲು ತುಂಬಬೇಕು. ಕೇರುವುದು ಆಮೇಲಿನ ಕೆಲಸ.

ಮರುದಿನ ಮಗ, “ಕೊನೆಗೆ ಕೌಬಾಯ್ ಬಂದನಾ?” ಎಂದು ಕೇಳಿದ. ಇಲ್ಲ, ಆದರೆ ಅವನು ಬಂದು ಹೋದಮೇಲೆ ಉಳಿದ ಜನರೆಲ್ಲ ಅದರಲ್ಲಿದ್ದಾರೆ ಎಂದೆ. ಅವನಿಗೆ ಅದು ಒಗಟಿನಂತೆ ಕೇಳಿಸಿತು. ಕ್ವಾನ ಪಾರ್ಕರನ ಕಥೆಯನ್ನು ಹೇಳಿದೆ. ಕಣಿವೆಯ ಕುದುರೆಗಳ ವಿಷಯ, ರೈಲಿನಲ್ಲಿ ಬಂದ ಬೈಸನ್‌ಗಳ ವಿಷಯ. ಆ ಸಂಜೆ ಅವನೇ ಬಂದು ಪಕ್ಕದಲ್ಲಿ ಕುಳಿತ. ಈ ಸಲ ಚಿತ್ರ ಮುಗಿಯುವವರೆಗೆ ಏಳಲಿಲ್ಲ.